ಆರನೇ ತರಗತಿಯ ಮೂರನೇ ಭಾಷೆ: ಸಹಿ ಹಾಕುವ ಮುನ್ನ ಪೋಷಕರು ತಿಳಿಯಬೇಕಾದದ್ದು



ಶಾಲೆ ಶುರುವಾಗುವ ಜೂನ್ ತಿಂಗಳು ಬಂತೆಂದರೆ ನಮ್ಮ ಸಂಘಗಳ ಸಭೆಯಲ್ಲಿ ಸಾಲದ ಮಾತೇ ಮಾತು. ನೋಟ್ ಪುಸ್ತಕಕ್ಕೆ ಎಷ್ಟು, ಬಸ್ ಪಾಸಿಗೆ ಎಷ್ಟು, ಶೂಗೆ ಎಷ್ಟು ಎಂದು ಪೈಸೆ ಪೈಸೆ ಲೆಕ್ಕ ಹಾಕುತ್ತೇವೆ. ಅದೇ ವಾರ ಶಾಲೆಯಲ್ಲಿ ಫಾರಂ ಕೊಟ್ಟು "ಮೂರನೇ ಭಾಷೆ ಯಾವುದು?" ಎಂದು ಕೇಳಿದರೆ ಮಾತ್ರ "ಎಲ್ಲಾ ಮಕ್ಳು ಏನ್ ತಗೊಂಡಿದಾರೋ ಅದೇ ಹಾಕಿ ಮೇಷ್ಟ್ರೇ, ನಮ್ಗೇನು ಗೊತ್ತಾಗುತ್ತೆ" ಎಂದು ಸಹಿ ಮಾಡಿ, ಕೆಲಸಕ್ಕೆ ಹೊತ್ತಾಯಿತೆಂದು ಓಡಿಬಿಡುತ್ತೇವೆ. ಒಂದು ನಿಮಿಷವೂ ಹಿಡಿಯದ ಈ ಸಹಿ ಮಗುವಿನ ಜೊತೆ ಹತ್ತನೇ ತರಗತಿಯವರೆಗೂ ನಡೆದು ಬರುತ್ತದೆ.

ನಮ್ಮ ರಾಜ್ಯದ ಶಾಲೆಗಳಲ್ಲಿ ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಎಲ್ಲರಿಗೂ ಒಂದೇ. ಅದರಲ್ಲಿ ಆಯ್ಕೆ ಇಲ್ಲ. ಆಯ್ಕೆ ಇರುವುದು ಭಾಷೆಗಳಲ್ಲಿ. ಸಾಮಾನ್ಯವಾಗಿ ಕನ್ನಡ ಮಾಧ್ಯಮದ ಮಗು ಕನ್ನಡವನ್ನು ಪ್ರಥಮ ಭಾಷೆಯಾಗಿಯೂ ಇಂಗ್ಲಿಷನ್ನು ದ್ವಿತೀಯ ಭಾಷೆಯಾಗಿಯೂ ಓದುತ್ತದೆ. ಆರನೇ ತರಗತಿಯಲ್ಲಿ ತೃತೀಯ ಭಾಷೆ ಬಂದು ಸೇರುತ್ತದೆ. ಹೆಚ್ಚಿನ ಕಡೆ ಅದು ಹಿಂದಿ. ಆದರೆ ಪಟ್ಟಿಯಲ್ಲಿ ಹಿಂದಿ ಒಂದೇ ಅಲ್ಲ. ಸಂಸ್ಕೃತ, ಉರ್ದು, ಅರೇಬಿಕ್ ಇವೆ. ಕರಾವಳಿಯಲ್ಲಿ 2007–08ರ ಹೊತ್ತಿಗೆ ಕೊಂಕಣಿಯೂ 2010–11ರ ಹೊತ್ತಿಗೆ ತುಳುವೂ ಸೇರಿದವು. ಎಂಟನೇ ತರಗತಿಗೆ ಹೈಸ್ಕೂಲಿಗೆ ಹೋದಾಗ ಮೂರೂ ಭಾಷೆಗಳ ಜೋಡಣೆಯನ್ನು ಮತ್ತೊಮ್ಮೆ ಕೇಳುತ್ತಾರೆ. ಕೆಲವು ಸರಕಾರಿ ಹೈಸ್ಕೂಲುಗಳಲ್ಲಿ ಒಂಬತ್ತನೇ ತರಗತಿಯಲ್ಲಿ ತೃತೀಯ ಭಾಷೆಯ ಬದಲಿಗೆ ಒಂದು ವೃತ್ತಿ ವಿಷಯವನ್ನು ತೆಗೆದುಕೊಳ್ಳಬಹುದು. ಅದಕ್ಕೆ ಎನ್.ಎಸ್.ಕ್ಯು.ಎಫ್. ವಿಷಯ ಎನ್ನುತ್ತಾರೆ.

"ಭಾಷೆ ತಾನೇ, ಯಾವುದಾದ್ರೂ ಆಯ್ತು" ಎನ್ನುವವರು ಅಂಕಗಳ ಲೆಕ್ಕ ನೋಡಬೇಕು. 2025ರ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಒಟ್ಟು ಅಂಕ 625. ಪ್ರಥಮ ಭಾಷೆಗೆ 125, ಉಳಿದ ಎರಡು ಭಾಷೆಗಳಿಗೆ ತಲಾ 100. ಅಂದರೆ ಭಾಷೆಗಳಿಗೇ 325 ಅಂಕ, ಗಣಿತ, ವಿಜ್ಞಾನ, ಸಮಾಜ ಮೂರೂ ಸೇರಿ 300. ಮಗುವನ್ನು ಗಣಿತದ ಟ್ಯೂಷನ್ನಿಗೆ ಕಳಿಸಲು ಸಾಲ ಮಾಡುವ ನಾವು ಅರ್ಧಕ್ಕಿಂತ ಹೆಚ್ಚು ಅಂಕ ಇರುವ ಭಾಗವನ್ನು ಯಾರೋ ಹೇಳಿದ ಹಾಗೆ ಬರೆದುಕೊಡುವುದು ಸರಿಯಲ್ಲ.

ಆರನೇ ತರಗತಿಯ ಫಾರಂ ತುಂಬುವ ಮೊದಲು ಎಂಟನೇ ತರಗತಿಯನ್ನು ನೋಡಿ ಬನ್ನಿ ಎಂಬುದೇ ಈ ಪಾಠದಲ್ಲಿ ನಾವು ಒತ್ತಿ ಹೇಳುವ ಮಾತು. ಮಗು ಏಳನೇ ತರಗತಿ ಮುಗಿಸಿದ ಮೇಲೆ ಯಾವ ಹೈಸ್ಕೂಲಿಗೆ ಹೋಗುತ್ತದೆ? ನಡೆದು ಹೋಗುವ ದೂರದಲ್ಲಿ ಯಾವುದಿದೆ, ಬಸ್ ಇರುವ ದಾರಿಯಲ್ಲಿ ಯಾವುದಿದೆ? ಹಳ್ಳಿಯ ಮಗುವಿಗೆ, ಅದರಲ್ಲೂ ಹೆಣ್ಣು ಮಗುವಿಗೆ, ಹೆಚ್ಚೆಂದರೆ ಒಂದೋ ಎರಡೋ ಹೈಸ್ಕೂಲು ಕೈಗೆಟಕುವ ಹಾಗಿರುತ್ತವೆ. ಅಲ್ಲಿ ಯಾವ ಭಾಷೆಗಳನ್ನು ಕಲಿಸುತ್ತಾರೆ ಎಂದು ಒಂದು ದಿನ ಹೋಗಿ ಕೇಳಿ ಬಂದರೆ ಅರ್ಧ ಕೆಲಸ ಮುಗಿಯಿತು.

ಕೇಳದಿದ್ದರೆ ಏನಾಗುತ್ತದೆ? ಒಂದು ಮಗು ಆರು ಮತ್ತು ಏಳರಲ್ಲಿ ತುಳು ತೆಗೆದುಕೊಂಡಿತು ಎಂದಿಟ್ಟುಕೊಳ್ಳಿ. ಮನೆಯ ಮಾತು, ಖುಷಿಯಿಂದ ಓದಿತು, ಒಳ್ಳೆಯ ಅಂಕವೂ ಬಂತು. ಎಂಟನೇ ತರಗತಿಗೆ ಸೇರಿದ ಹೈಸ್ಕೂಲಿನಲ್ಲಿ ಹಿಂದಿ ಮಾತ್ರ ಇದೆ. ಶಾಲೆಯ ತುಳು ಪುಸ್ತಕ ಕನ್ನಡ ಲಿಪಿಯಲ್ಲಿ ಇರುವುದರಿಂದ ಈ ಮಗುವಿಗೆ ಹಿಂದಿಯ ಅಕ್ಷರವೇ ಗೊತ್ತಿಲ್ಲ. ಪಕ್ಕದಲ್ಲಿ ಕೂತವರು ಎರಡು ವರ್ಷ ಹಿಂದಿ ಓದಿ ಬಂದವರು. ಟೀಚರ್ ಪಾಠ ಓದಿಸಲು ಎಬ್ಬಿಸಿದಾಗಲೆಲ್ಲ ಮಗು ತಲೆ ತಗ್ಗಿಸಿ ನಿಲ್ಲುತ್ತದೆ. ಕೆಲವು ತಿಂಗಳಲ್ಲಿ ಹಿಂದಿ ಪೀರಿಯಡ್ ಇರುವ ದಿನ ಹೊಟ್ಟೆನೋವು ಬರತೊಡಗುತ್ತದೆ. ಮಗು ಶಾಲೆ ಬಿಡುವುದು ಒಂದೇ ದಿನದಲ್ಲಲ್ಲ, ಹೀಗೆ ಒಂದೊಂದು ಪೀರಿಯಡ್ ತಪ್ಪಿಸಿಕೊಳ್ಳುತ್ತಾ ಬಿಡುತ್ತದೆ. ತುಳು ತೆಗೆದುಕೊಂಡದ್ದು ತಪ್ಪೆಂದು ನಾವು ಹೇಳುತ್ತಿಲ್ಲ. ಮುಂದಿನ ಶಾಲೆಯಲ್ಲೂ ತುಳು ಇದ್ದಿದ್ದರೆ ಅದಕ್ಕಿಂತ ಒಳ್ಳೆಯ ಆಯ್ಕೆ ಆ ಮಗುವಿಗೆ ಇರಲಿಲ್ಲ.

ಎರಡನೆಯದಾಗಿ ಶಿಕ್ಷಕರು. ಫಾರಂನಲ್ಲಿ ಭಾಷೆಯ ಹೆಸರು ಇದ್ದ ಮಾತ್ರಕ್ಕೆ ಕಲಿಸುವವರು ಇದ್ದಾರೆ ಎಂದಲ್ಲ. ಹುದ್ದೆ ಖಾಲಿ ಬಿದ್ದು, ಬೇರೆ ವಿಷಯದವರು ಬಿಡುವಿದ್ದಾಗ ಬಂದು ಓದಿಸಿ ಹೋಗುವ ಶಾಲೆಗಳು ಬೇಕಾದಷ್ಟಿವೆ. ಆದ್ದರಿಂದ "ಈ ಭಾಷೆಗೆ ಖಾಯಂ ಟೀಚರ್ ಇದಾರಾ, ಹೋದ ವರ್ಷ ಯಾರು ಪಾಠ ಮಾಡಿದ್ರು?" ಎಂದು ಮುಖ್ಯೋಪಾಧ್ಯಾಯರನ್ನು ಸಂಕೋಚವಿಲ್ಲದೆ ಕೇಳಿ. ಕೇಳುವುದು ಜಗಳವಲ್ಲ. ಎಸ್.ಡಿ.ಎಂ.ಸಿ.ಯಲ್ಲಿ ಪೋಷಕರನ್ನೇ ಸದಸ್ಯರನ್ನಾಗಿ ಮಾಡಿರುವುದು ಇಂಥ ಮಾತು ಆಡಲಿಕ್ಕೆ. ನಮ್ಮ ಸಂಘದ ಸದಸ್ಯೆಯರು ಅಲ್ಲಿಯೂ ಇದ್ದಾರೆ, ಆದರೆ ಸಭೆಯಲ್ಲಿ ಬಾಯಿ ಬಿಡುವವರು ಕಡಿಮೆ!

ಇನ್ನು "ಸಂಸ್ಕೃತ ತಗೊಂಡ್ರೆ ನೂರಕ್ಕೆ ನೂರು" ಎಂಬ ಮಾತು. ಕೆಲವು ಹೈಸ್ಕೂಲುಗಳಲ್ಲಿ ಸಂಸ್ಕೃತವನ್ನು ಪ್ರಥಮ ಭಾಷೆಯಾಗಿ ಕೊಡುತ್ತಾರೆ, ಆಗ ಕನ್ನಡ ಕೆಳಗಿನ ಸ್ಥಾನಕ್ಕೆ ಇಳಿಯುತ್ತದೆ. ಅಂಕ ಬರುವುದು ಸುಳ್ಳಲ್ಲ. ಇದು ಇವತ್ತಿನ ಚರ್ಚೆಯೂ ಅಲ್ಲ. 1980ರಲ್ಲಿ ಸರಕಾರ ಡಾ. ವಿ.ಕೃ. ಗೋಕಾಕರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದ್ದೂ, ಆ ಸಮಿತಿ 1981ರಲ್ಲಿ ಕನ್ನಡವೊಂದೇ 150 ಅಂಕಗಳ ಪ್ರಥಮ ಭಾಷೆಯಾಗಬೇಕೆಂದು ವರದಿ ಕೊಟ್ಟದ್ದೂ, ಮರುವರ್ಷ ಡಾ. ರಾಜ್‌ಕುಮಾರ್ ಅವರೂ ಬೀದಿಗಿಳಿದ ಗೋಕಾಕ್ ಚಳವಳಿ ನಡೆದದ್ದೂ ಇದೇ ವಿಚಾರಕ್ಕೆ. ಆಮೇಲೆ ಬಂದ 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯು ರಾಜ್ಯದ ಶಾಲೆಗಳಲ್ಲಿ ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಲಿಸಬೇಕೆಂದು ಹೇಳಿತು. ಅದು 2017–18ರಲ್ಲಿ ಒಂದನೇ ತರಗತಿಯಿಂದ ಹಂತ ಹಂತವಾಗಿ ಜಾರಿಗೆ ಬಂತು.

ಮನೆಯಲ್ಲಿ ಕನ್ನಡ ಆಡುವ ಮಗುವಿಗೆ ಪ್ರಥಮ ಭಾಷೆ ಕನ್ನಡವೇ ಇರಲಿ ಎಂಬುದು ನಮ್ಮ ಅಭಿಪ್ರಾಯ. ಅದು ಸುಲಭ ಎಂಬ ಕಾರಣಕ್ಕಲ್ಲ. ಪ್ರಥಮ ಭಾಷೆಯ ಕನ್ನಡದಲ್ಲಿ ಹಳಗನ್ನಡ ಪದ್ಯವಿದೆ, ಛಂದಸ್ಸು, ಅಲಂಕಾರ ಎಲ್ಲ ಇವೆ, ಕಷ್ಟಪಡಬೇಕು. ಆದರೆ ಹದಿಮೂರು ವರ್ಷದ ಮಗು ತಾನು ಯೋಚಿಸುವ ಭಾಷೆಯಲ್ಲಿ ಎರಡು ಪುಟ ಬರೆಯಲು ಕಲಿತರೆ ಸಮಾಜ ವಿಜ್ಞಾನದ ಉತ್ತರವನ್ನೂ ಚೆನ್ನಾಗಿ ಬರೆಯುತ್ತದೆ. ಮುಂದೆ ಗ್ರಾಮ ಪಂಚಾಯಿತಿಗೆ ಅರ್ಜಿಯನ್ನೂ ಬರೆಯುತ್ತದೆ. ಮನೆಯಲ್ಲಿ ತಮಿಳು, ಲಂಬಾಣಿ, ಮರಾಠಿ ಆಡುವ ಮಕ್ಕಳ ವಿಷಯ ಬೇರೆ. ಅವರಿಗೆ ಶಾಲೆಯ ಕನ್ನಡವೇ ಎರಡನೇ ಭಾಷೆಯಂತೆ ಇರುತ್ತದೆ, ಅದರ ಮೇಲೆ ಇಂಗ್ಲಿಷ್, ಅದರ ಮೇಲೆ ಹಿಂದಿ. ಅಂಥ ಮಗು ಹಿಂದಿಯಲ್ಲಿ ಹಿಂದೆ ಬಿದ್ದರೆ "ದಡ್ಡ" ಎನ್ನಬೇಡಿ, ಅದು ನಾಲ್ಕು ಭಾಷೆಗಳನ್ನು ಹೊರುತ್ತಿದೆ.

ವೃತ್ತಿ ವಿಷಯಗಳ ಬಗ್ಗೆ ಒಂದೆರಡು ಮಾತು. ಆಟೋಮೊಬೈಲ್, ಐ.ಟಿ., ರೀಟೇಲ್, ಹೆಲ್ತ್‌ಕೇರ್, ಬ್ಯೂಟಿ ಅಂಡ್ ವೆಲ್‌ನೆಸ್ ಇಂಥವು ಇವೆ. ಶಾಲೆಗೆ ಕೊಟ್ಟಿರುವುದು ಒಂದೋ ಎರಡೋ ಮಾತ್ರ, ಮಕ್ಕಳು ಅದರೊಳಗೇ ಆರಿಸಬೇಕು. ಕೈಕೆಲಸದಲ್ಲಿ ಆಸಕ್ತಿ ಇರುವ, ಮೂರನೇ ಭಾಷೆ ತಲೆಗೆ ಹತ್ತದ ಮಗುವಿಗೆ ಇದು ಒಳ್ಳೆಯ ದಾರಿ. ಆದರೆ ಇದೊಂದರಿಂದಲೇ ಕೆಲಸ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ, ಐ.ಟಿ.ಐ. ಅಥವಾ ಡಿಪ್ಲೊಮಾ ಮುಂದೆ ಮಾಡಲೇಬೇಕು. ಪ್ರಾಕ್ಟಿಕಲ್ ಕೊಠಡಿ ಇದೆಯೇ, ಸಾಮಾನು ಪೆಟ್ಟಿಗೆಯಿಂದ ಹೊರಗೆ ಬಂದಿದೆಯೇ ಎಂದು ಕಣ್ಣಾರೆ ನೋಡಿ. ಒಂಬತ್ತರಲ್ಲಿ ಹಿಂದಿ ಬಿಟ್ಟ ಮಗು ಪಿ.ಯು.ಸಿ.ಯಲ್ಲಿ ಹಿಂದಿ ಆರಿಸಿಕೊಳ್ಳುವುದು ಕಷ್ಟ, ಕನ್ನಡ ತೆಗೆದುಕೊಳ್ಳುವುದಾದರೆ ತೊಂದರೆಯಿಲ್ಲ. ಮತ್ತೆ, ಹುಡುಗರೆಲ್ಲ ಆಟೋಮೊಬೈಲ್, ಹುಡುಗಿಯರೆಲ್ಲ ಬ್ಯೂಟಿ ಎಂದು ಮೊದಲೇ ಗೆರೆ ಎಳೆಯುವುದು ಬೇಡ. ಸ್ಕೂಟಿ ಓಡಿಸುವ ಹೆಣ್ಣು ಮಗು ಅದರ ಇಂಜಿನ್ನನ್ನೂ ಬಿಚ್ಚಬಲ್ಲಳು.

ಚಿತ್ರಕಲೆ, ಸಂಗೀತ, ತೋಟಗಾರಿಕೆ, ಹೊಲಿಗೆ ಮುಂತಾದ ತರಗತಿಗಳು ಇರುವ ಶಾಲೆಗಳೂ ಇವೆ. ಇವನ್ನು ಆಟ ಎಂದು ತಳ್ಳಬೇಡಿ. ಚಿತ್ರಕಲೆಯಲ್ಲಿ ಪರೀಕ್ಷಾ ಮಂಡಳಿಯ ಲೋಯರ್, ಹೈಯರ್ ಗ್ರೇಡ್ ಪರೀಕ್ಷೆಗಳಿವೆ, ಡ್ರಾಯಿಂಗ್ ಮೇಷ್ಟ್ರನ್ನು ಕೇಳಿದರೆ ವಿವರ ಸಿಗುತ್ತದೆ.

ಇಷ್ಟೆಲ್ಲ ವಿಚಾರಿಸಿದ ಮೇಲೆ ಮಗುವನ್ನು ಕೇಳಬೇಕು. "ನಿಂಗೆ ಯಾವುದು ಇಷ್ಟ?" ಎಂದು ನೇರವಾಗಿ ಕೇಳಿದರೆ ಹನ್ನೊಂದು ವರ್ಷದ ಮಗು ಗೆಳತಿ ತೆಗೆದುಕೊಂಡದ್ದನ್ನೇ ಹೇಳುತ್ತದೆ. ಅದು ಸಹಜ. ಬದಲಿಗೆ ಪಕ್ಕದ ಮನೆಯ ಏಳನೇ ತರಗತಿಯ ಮಗುವಿನ ಭಾಷಾ ಪುಸ್ತಕಗಳನ್ನು ಒಂದು ರಾತ್ರಿಗೆ ಕೇಳಿ ತಂದು ಮುಂದಿಡಿ. ಯಾವುದನ್ನು ತೆರೆದು ಕೂರುತ್ತದೆ, ಯಾವುದನ್ನು ಮುಚ್ಚಿಡುತ್ತದೆ ನೋಡಿ. ಓದು ಬಾರದ ತಾಯಿಗೂ ಅಷ್ಟು ತಿಳಿಯುತ್ತದೆ.

ನಿಯಮಗಳು ಬದಲಾಗುತ್ತಿರುತ್ತವೆ ಎಂಬುದೂ ನೆನಪಿರಲಿ. ಪ್ರೊ. ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗವು 2025ರ ಆಗಸ್ಟ್‌ನಲ್ಲಿ ಕೊಟ್ಟ ವರದಿಯಲ್ಲಿ ಎರಡು ಭಾಷೆಗಳ ಪದ್ಧತಿಯನ್ನು ಶಿಫಾರಸು ಮಾಡಿದೆ. ಆದ್ದರಿಂದ ಅಣ್ಣನಿಗೆ ಇದ್ದ ನಿಯಮವೇ ತಂಗಿಗೂ ಇರುತ್ತದೆ ಎಂದುಕೊಳ್ಳದೆ, ಆಯಾ ವರ್ಷದ ಸುತ್ತೋಲೆ ಏನು ಹೇಳುತ್ತದೆಂದು ಶಾಲೆಯಲ್ಲೇ ಕೇಳಿ. ಸಹಿ ಹಾಕಿ ಆಗಿದೆ, ಈಗ ಬೇರೆ ಭಾಷೆ ಬೇಕು ಎನ್ನುವವರು ತಡ ಮಾಡದೆ, ಪಾಠ ಮುಂದೆ ಹೋಗುವ ಮೊದಲೇ ಮುಖ್ಯೋಪಾಧ್ಯಾಯರಿಗೆ ಬರವಣಿಗೆಯಲ್ಲಿ ಅರ್ಜಿ ಕೊಡಿ, ಒಂದು ಪ್ರತಿ ನಿಮ್ಮ ಬಳಿ ಇರಲಿ.

ಮುಂದಿನ ಸಭೆಗೆ ಐದು ಮತ್ತು ಏಳನೇ ತರಗತಿಯ ಮಕ್ಕಳಿರುವ ತಾಯಂದಿರು ತಾವು ನೋಡಿ ಬಂದ ಹೈಸ್ಕೂಲಿನ ಹೆಸರು, ಅಲ್ಲಿರುವ ಭಾಷೆಗಳು, ಯಾವುದಕ್ಕೆ ಟೀಚರ್ ಇಲ್ಲ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಬನ್ನಿ. ಬರೆಯಲು ಬಾರದವರು ಮಗುವಿನ ಕೈಯಲ್ಲೇ ಬರೆಸಿ.