ಕುಂಡದಲ್ಲೊಂದು ಕೇಪಳ

ಕರಾವಳಿ, ಮಲೆನಾಡಿನ ಕಡೆಯವರಿಗೆ ಕೇಪಳದ ಪರಿಚಯ ಹೇಳಬೇಕಾಗಿಲ್ಲ. ಶಾಲೆಯಿಂದ ಬರುವಾಗ ಗುಡ್ಡೆಯಲ್ಲಿ ಹಣ್ಣು ಕಿತ್ತು ತಿಂದವರು, ಹೂವಿನ ಜೇನು ಹೀರಿದವರು, ಮನೆಯಲ್ಲಿ ಕೇಪಳದ ತಂಬುಳಿ ಉಂಡವರು ನಮ್ಮಲ್ಲೇ ಇದ್ದಾರೆ. ಉಳಿದವರಿಗಾಗಿ: ಇದು ತುಳುವಿನ ಕೇಪುಳ, ಸಸ್ಯಶಾಸ್ತ್ರದ ಇಕ್ಸೋರಾ ಕಾಕ್ಸೀನಿಯಾ. ಕಾಫಿಯ ಕುಟುಂಬಕ್ಕೆ ಸೇರಿದ ಪೊದೆ. ದಕ್ಷಿಣ ಭಾರತ, ಶ್ರೀಲಂಕಾ ಇದರ ತವರು. ಕೆಂಪು ಗೊಂಚಲಿನ ಒಂದೊಂದು ಹೂವಿಗೂ ನಾಲ್ಕೇ ಎಸಳು.

ಇಂಗ್ಲೆಂಡಿನ ದಕ್ಷಿಣದಲ್ಲಿರುವ ನಮ್ಮ ಬಾಡಿಗೆ ಮನೆಗೆ ನರ್ಸರಿಯಿಂದ ಒಂದು ಗಿಡ ತಂದೆವು. ಮೂರೇ ತಿಂಗಳಲ್ಲಿ ಎಲೆ ಹಳದಿಯಾಯ್ತು. ನೀರು ಸಾಲದೇನೋ ಅಂತ ನೀರು ಹಾಕಿದೆವು, ಗೊಬ್ಬರ ಸಾಲದೇನೋ ಅಂತ ಗೊಬ್ಬರ ಹಾಕಿದೆವು. ಇನ್ನಷ್ಟು ಹಳದಿ! ಕೊನೆಗೆ ಉತ್ತರ ಸಿಕ್ಕಿದ್ದು ಚಹಾದ ಕೆಟಲಿನೊಳಗೆ: ತಳದಲ್ಲಿ ಬಿಳಿ ಸುಣ್ಣದ ಪದರ.

ಊರಲ್ಲಿ ಜೋರು ಮಳೆ ಮಣ್ಣಿನ ಸುಣ್ಣದಂಶವನ್ನು ತೊಳೆದುಬಿಡುತ್ತದೆ. ಹಾಗಾಗಿ ಜಂಬಿಟ್ಟಿಗೆಯ ಕೆಂಪು ಮಣ್ಣು ಆಮ್ಲೀಯ. ಕೇಪಳಕ್ಕೆ ಒಗ್ಗುವುದು ಅದೇ. ಇಲ್ಲಿನ ನಲ್ಲಿ ನೀರು ಸುಣ್ಣದ ಬಂಡೆಗಳ ನಡುವಿನಿಂದ ಬರುವ ಗಡಸು ನೀರು. ದಿನಾ ಹಾಕಿದರೆ ಮಣ್ಣು ಕ್ಷಾರೀಯವಾಗುತ್ತದೆ. ಆಗ ಮಣ್ಣಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ. ಗುರುತು ಸುಲಭ: ಎಳೆ ಎಲೆ ಹಳದಿ, ನರ ಮಾತ್ರ ಹಸಿರು.

ನಾವು ಕಲಿತದ್ದು ಇಷ್ಟು:

ಮಣ್ಣು: ಅಜೇಲಿಯಾ, ಕ್ಯಾಮೆಲಿಯಾ ಗಿಡಗಳಿಗೆಂದು ಮಾರುವ ಎರಿಕೇಶಿಯಸ್ ಕಾಂಪೋಸ್ಟ್ ತನ್ನಿ. ಕುಂಡದ ತಳದಲ್ಲಿ ತೂತು ಇರಲೇಬೇಕು.

ನೀರು: ಮಳೆನೀರು. ಹೊರಗೆ ಒಂದು ಬಕೆಟ್ ಇಟ್ಟರೆ ಸಾಕು, ಈ ದೇಶದಲ್ಲಿ ಅದಕ್ಕೇನು ಬರವೇ? ಮೇಲ್ಮಣ್ಣು ಒಣಗಿದ ಮೇಲೆ ಹಾಕಿ.

ಬೆಳಕು, ಬಿಸಿ: ದಕ್ಷಿಣದ ಕಿಟಕಿ ಒಳ್ಳೆಯದು. ಚಳಿಗಾಲದಲ್ಲೂ 15 ಡಿಗ್ರಿಗಿಂತ ಕೆಳಗಿಳಿಯಬಾರದು. ಹಾಗಂತ ರೇಡಿಯೇಟರ್ ಪಕ್ಕ ಇಡಬೇಡಿ, ಒಣಗಾಳಿಗೆ ಮೊಗ್ಗು ಉದುರುತ್ತದೆ.

ಎಲೆ ಆಗಲೇ ಹಳದಿಯಾಗಿದ್ದರೆ: ಮಣ್ಣು ಬದಲಿಸಿ, ಅಂಗಡಿಯಲ್ಲಿ ಸಿಗುವ ಕೀಲೇಟೆಡ್ ಕಬ್ಬಿಣವನ್ನು ಪ್ಯಾಕೆಟ್ಟಿನಲ್ಲಿ ಹೇಳಿದಷ್ಟೇ ಹಾಕಿ. ಹೊಸ ಚಿಗುರು ಹಸಿರಾಗಿ ಬಂದರೆ ಗಿಡ ಉಳಿದ ಹಾಗೆ.

ಎರಡು ಎಚ್ಚರಿಕೆ. ಊರಿಂದ ಸೂಟ್‌ಕೇಸಿನಲ್ಲಿ ಕಡ್ಡಿ ತರಬೇಡಿ. ಸಸ್ಯ ಆರೋಗ್ಯ ಪ್ರಮಾಣಪತ್ರವಿಲ್ಲದೆ ಗಿಡ ತರುವುದು ಇಲ್ಲಿ ಕಾನೂನುಬಾಹಿರ. ನರ್ಸರಿ ಗಿಡದ ಹೂವಿನಲ್ಲಿ ತಂಬುಳಿಯನ್ನೂ ಮಾಡಬೇಡಿ. ಅಲಂಕಾರದ ಗಿಡಕ್ಕೆ ಏನು ಔಷಧಿ ಹೊಡೆದಿರುತ್ತಾರೋ ಗೊತ್ತಾಗದು.

ನಮ್ಮ ಗಿಡ ಈ ಬೇಸಿಗೆಯಲ್ಲಿ ಎರಡು ಗೊಂಚಲು ಬಿಟ್ಟಿತು. ಅರೆ ಬಲಿತ ಎರಡು ಕಡ್ಡಿ ಕತ್ತರಿಸಿ, ತೇವದ ಮಣ್ಣಿಗೆ ಚುಚ್ಚಿ, ಪ್ಲಾಸ್ಟಿಕ್ ಚೀಲ ಮುಚ್ಚಿಟ್ಟಿದ್ದೆವು. ಎರಡೂ ಬೇರು ಬಿಟ್ಟಿವೆ. ಬೇಕಾದವರು ಕುಂಡ ತಗೊಂಡು ಬನ್ನಿ. ಬಕೆಟ್ ಇವತ್ತೇ ಹೊರಗಿಡಿ.