ಕ್ರಿಸ್‌ಮಸ್ ಡಬ್ಬಕ್ಕೆ ಬೆಣ್ಣೆ ಟಾಫಿ: ಒಲೆಯ ಮುಂದೆ ಕಲಿತ ಪಾಠಗಳು

ಡಿಸೆಂಬರ್ ಬಂತೆಂದರೆ ಮಂಗಳೂರು ಕಡೆಯ ಕ್ರೈಸ್ತರ ಮನೆಗಳಲ್ಲಿ ಕುಸ್ವಾರ್ ತಯಾರಿ ಶುರುವಾಗುತ್ತದೆ. ಕುಲ್‌ಕುಲ್, ನೆವ್ರಿ, ರೋಸ್ ಕುಕೀಸ್ ಎಲ್ಲ ಒಂದೇ ತಟ್ಟೆ ಸೇರಿ ಅಕ್ಕಪಕ್ಕದ ಮನೆಗಳಿಗೆ ಹೋಗುತ್ತವೆ. ಬೆಂಗಳೂರಿನ ನಮ್ಮ ಮನೆಯಿಂದ ಹೋಗುವ ಡಬ್ಬದಲ್ಲಿ ಬೆಣ್ಣೆ ಟಾಫಿಯೂ ಇರುತ್ತದೆ. ಹಂಚುವುದಕ್ಕೆ ಇದು ಬಲು ಸುಲಭದ ಸಿಹಿ. ಹಿಟ್ಟು ನಾದುವ, ಲಟ್ಟಿಸುವ, ಕರಿಯುವ ರಗಳೆ ಇಲ್ಲ. ಮುಖ್ಯ ಸಾಮಾನು ಸಕ್ಕರೆ, ಬೆಣ್ಣೆ ಎರಡೇ. ಒಲೆಯ ಮುಂದೆ ಅರ್ಧ ಗಂಟೆ ನಿಂತರೆ ಮುಗಿಯಿತು.

ಆದರೂ ಕೆಲವರ ಟಾಫಿ ಹಲ್ಲಿಗೆ ಅಂಟುತ್ತದೆ, ಕೆಲವರದು ಸಕ್ಕರೆಗಟ್ಟುತ್ತದೆ, ಇನ್ನು ಕೆಲವರದು ಬೆಣ್ಣೆ ಬಿಟ್ಟುಕೊಂಡು ಜಿಡ್ಡಿನಲ್ಲಿ ಈಜುತ್ತದೆ. ಈ ತೊಂದರೆಗಳಲ್ಲಿ ಹೆಚ್ಚಿನವುಗಳ ಹಿಂದೆ ಇರುವುದು ನೀರು. ಅದನ್ನು ಆತುರಪಡದೆ ಹೊರಗೆ ಕಳಿಸಬೇಕು. ಹೋದ ಮೇಲೆ ಮತ್ತೆ ಒಳಗೆ ಬಿಟ್ಟುಕೊಳ್ಳಬಾರದು. ಇಷ್ಟು ತಿಳಿದರೆ ಉಳಿದದ್ದೆಲ್ಲ ವಿವರ.

ನಾನು ಹಾಕುವ ಅಳತೆ ಇದು: ಸಕ್ಕರೆ 250 ಗ್ರಾಂ, ಬೆಣ್ಣೆ 225 ಗ್ರಾಂ, ನೀರು 60 ಮಿ.ಲೀ., ಲಿಕ್ವಿಡ್ ಗ್ಲುಕೋಸ್ ಒಂದು ದೊಡ್ಡ ಚಮಚ, ಹುರಿದು ಒರಟಾಗಿ ಜಜ್ಜಿದ ಬಾದಾಮಿ 100 ಗ್ರಾಂ, ಡಾರ್ಕ್ ಚಾಕೊಲೇಟ್ 150 ಗ್ರಾಂ. ಉಪ್ಪಿಲ್ಲದ ಬೆಣ್ಣೆಯಾದರೆ ಕಾಲು ಚಮಚ ಉಪ್ಪು. ಬಾದಾಮಿಯ ಬದಲು ಗೋಡಂಬಿ ಹಾಕಿದರೂ ಚೆನ್ನ.

1. ಬೆಣ್ಣೆಯ ಜಾಗಕ್ಕೆ ತುಪ್ಪ ಬೇಡ

ತುಪ್ಪ ಘಮಘಮ ಅನ್ನುತ್ತದಲ್ಲ, ಅದನ್ನೇ ಹಾಕೋಣ ಅನ್ನಿಸುವುದು ಸಹಜ. ಮೈಸೂರು ಪಾಕಿನಲ್ಲಿ ತುಪ್ಪ ನಿಲ್ಲುವುದು ಅಲ್ಲಿ ಕಡಲೆಹಿಟ್ಟು ಅದನ್ನು ಹಿಡಿದಿಟ್ಟುಕೊಳ್ಳುವುದರಿಂದ. ಟಾಫಿಯಲ್ಲಿ ಹಿಟ್ಟಿಲ್ಲ. ಅಂಗಡಿಯ ಬೆಣ್ಣೆಯಲ್ಲಿ ಕೊಬ್ಬು ಶೇ 80ರಷ್ಟು. ಉಳಿದದ್ದು ಬಹುಪಾಲು ನೀರು, ಜೊತೆಗೆ ಸ್ವಲ್ಪ ಹಾಲಿನ ಅಂಶ. ಈ ಹಾಲಿನ ಅಂಶವೇ ಕೊಬ್ಬನ್ನೂ ಪಾಕವನ್ನೂ ಕೂಡಿಸಿ ಇಡುತ್ತದೆ, ಕಾದಾಗ ಕೆಂಪಾಗಿ ಟಾಫಿಗೆ ಅದರದ್ದೇ ಆದ ಪರಿಮಳ ಕೊಡುತ್ತದೆ. ತುಪ್ಪ ಕಾಯಿಸುವಾಗ ನಾವು ಸೋಸಿ ತೆಗೆಯುವುದು ಇದನ್ನೇ.

ಮನೆಯಲ್ಲಿ ಕಡೆದ ಬೆಣ್ಣೆಯೂ ಆಗುತ್ತದೆ. ಆದರೆ ಅದರಲ್ಲಿ ಮಜ್ಜಿಗೆ ಉಳಿದಿರುತ್ತದೆ. ತಣ್ಣೀರಿನಲ್ಲಿ ಚೆನ್ನಾಗಿ ತೊಳೆದು ಹಿಂಡಿ ತೂಗಿ. ಹಾಕುವ 60 ಮಿ.ಲೀ. ನೀರನ್ನು ಅರ್ಧಕ್ಕೆ ಇಳಿಸಿ.

2. ಪಾತ್ರೆಯ ತಳ ದಪ್ಪಗಿರಲಿ, ಉರಿ ಒಂದೇ ಸಮ ಇರಲಿ

ತೆಳ್ಳಗಿನ ಪಾತ್ರೆಯಲ್ಲಿ ನಡು ಸೀದುಹೋಗುತ್ತದೆ, ಅಂಚು ಹಸಿಯಾಗಿ ಉಳಿಯುತ್ತದೆ. ದಪ್ಪ ತಳದ ಸ್ಟೀಲ್ ಪಾತ್ರೆ ಎಲ್ಲಕ್ಕಿಂತ ಒಳ್ಳೆಯದು. ಒಳಮೈ ಬೆಳ್ಳಗಿರುವುದರಿಂದ ಪಾಕದ ಬಣ್ಣ ಕಾಣುತ್ತದೆ. ಕಪ್ಪು ನಾನ್‌ಸ್ಟಿಕ್‌ನಲ್ಲಿ ಬಣ್ಣ ಗೊತ್ತಾಗುವ ಹೊತ್ತಿಗೆ ಹೊತ್ತು ಮೀರಿರುತ್ತದೆ. ಪಾಕ ಉಕ್ಕಿ ಮೇಲೇಳುವುದರಿಂದ ಪಾತ್ರೆಯಲ್ಲಿ ಅರ್ಧಕ್ಕಿಂತ ಹೆಚ್ಚು ಜಾಗ ಖಾಲಿ ಬಿಡಿ.

ಹೆಚ್ಚು ಡಬ್ಬ ಬೇಕೆಂದು ಅಳತೆಯನ್ನು ದುಪ್ಪಟ್ಟು ಮಾಡುವುದಕ್ಕಿಂತ ಎರಡು ಸಲ ಮಾಡುವುದು ಮೇಲು. ಪಾಕ ಹೆಚ್ಚಾದಷ್ಟೂ ನೀರು ಹೋಗಲು ಹೊತ್ತು ಹಿಡಿಯುತ್ತದೆ, ಅಷ್ಟರಲ್ಲಿ ತಳ ಕರಿಯಾಗುತ್ತದೆ.

3. ಸಕ್ಕರೆ ಪೂರ್ತಿ ಕರಗುವ ತನಕ ಕುದಿ ಬೇಡ

ಸಕ್ಕರೆ, ಬೆಣ್ಣೆ, ನೀರು, ಗ್ಲುಕೋಸ್ ಎಲ್ಲ ಸೇರಿಸಿ ಸಣ್ಣ ಉರಿಯಲ್ಲಿ ಕರಗಿಸಿ. ಚಮಚದಲ್ಲಿ ಒಂಚೂರು ತೆಗೆದು ಆರಿಸಿ ಬೆರಳಲ್ಲಿ ತಿಕ್ಕಿದರೆ ತರಿ ಸಿಗಬಾರದು. ಕರಗದ ಒಂದು ಹರಳು ಉಳಿದರೂ ಅದರ ಸುತ್ತ ಉಳಿದ ಸಕ್ಕರೆ ಹರಳುಗಟ್ಟುತ್ತಾ ಹೋಗುತ್ತದೆ. ಕೊನೆಗೆ ಟಾಫಿ ಪುಡಿಪುಡಿ. ಪಾತ್ರೆಯ ಬದಿಗೆ ಸಿಡಿದು ಕೂತ ಸಕ್ಕರೆಯನ್ನು ಒದ್ದೆ ಬ್ರಷ್‌ನಿಂದ ಒಳಕ್ಕೆ ಇಳಿಸಿ. ಗ್ಲುಕೋಸ್ ಹಾಕುವುದೂ ಹರಳು ಕಟ್ಟದಿರಲೆಂದೇ. ಬೇಕರಿ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ಸಿಗದಿದ್ದರೆ ನಾಲ್ಕು ಹನಿ ನಿಂಬೆರಸ ಸಾಕು.

4. ನಿಮ್ಮೂರಿನ ನೀರು ಎಷ್ಟಕ್ಕೆ ಕುದಿಯುತ್ತದೆ ನೋಡಿಕೊಳ್ಳಿ

ವಿದೇಶಿ ಪುಸ್ತಕಗಳಲ್ಲಿ 149ರಿಂದ 154 ಡಿಗ್ರಿ ಸೆಲ್ಸಿಯಸ್ ಎಂದಿರುತ್ತದೆ. ಅದು ಸಮುದ್ರಮಟ್ಟದ ಲೆಕ್ಕ. ಮಂಗಳೂರಿನಲ್ಲಿ ನೀರು 100 ಡಿಗ್ರಿಗೆ ಕುದಿದರೆ, ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ಬೆಂಗಳೂರಿನಲ್ಲಿ ಸುಮಾರು 97ಕ್ಕೇ ಕುದಿಯುತ್ತದೆ, ಮಡಿಕೇರಿಯಲ್ಲಿ ಇನ್ನೂ ಒಂದು ಡಿಗ್ರಿ ಮುಂಚೆ. ಪಾಕದ ನೀರಿಗೂ ಇದೇ ನಿಯಮ. ಪುಸ್ತಕದ ಅಂಕಿ ಬರಲೆಂದು ಕಾದರೆ ಎತ್ತರದ ಊರಿನಲ್ಲಿ ಪಾಕ ಮಿತಿ ದಾಟಿರುತ್ತದೆ.

ಅದಕ್ಕೆ ಒಂದು ಸುಲಭ ಲೆಕ್ಕ. ಮೊದಲು ಬರೀ ನೀರು ಕುದಿಸಿ ಥರ್ಮಾಮೀಟರ್ ಅದ್ದಿ. ಎಷ್ಟು ತೋರಿಸಿತೋ ಅದಕ್ಕೆ 50 ಸೇರಿಸಿ. ಅದೇ ನೀವು ಒಲೆ ಆರಿಸಬೇಕಾದ ಅಂಕಿ. ಥರ್ಮಾಮೀಟರ್ ತುಸು ತಪ್ಪು ತೋರಿಸುತ್ತಿದ್ದರೂ ಈ ಲೆಕ್ಕದಲ್ಲಿ ಅದು ಸರಿಹೋಗುತ್ತದೆ. ಪಾಕದೊಳಗೆ ಕಡ್ಡಿ ಅದ್ದುವ ಥರ್ಮಾಮೀಟರ್ ಬೇಕು. ಹಣೆಗೆ ಹಿಡಿಯುವಂಥದ್ದು ಕೆಲಸಕ್ಕೆ ಬಾರದು.

ಪಾಕದ ಬಿಸಿ ಮೊದಲು 105ರ ಆಸುಪಾಸಿನಲ್ಲೇ ತುಂಬಾ ಹೊತ್ತು ನಿಂತಿರುತ್ತದೆ. ಬೇಸರಪಟ್ಟು ಉರಿ ಜೋರು ಮಾಡಬೇಡಿ. ಆಗ ನೀರು ಹೋಗುತ್ತಿದೆ ಎಂದರ್ಥ. 130 ದಾಟಿದ ಮೇಲೆ ಓಟ ಹಿಡಿಯುತ್ತದೆ. ಆಗ ಫೋನ್ ಬಂದರೂ, ಬಾಗಿಲು ತಟ್ಟಿದರೂ ಒಲೆ ಬಿಟ್ಟು ಕದಲಬೇಡಿ.

5. ಥರ್ಮಾಮೀಟರ್ ಇಲ್ಲದಿದ್ದರೆ ಚಿಕ್ಕಿಯ ಪಾಕ ನೋಡಿದವರ ಕಣ್ಣು ಸಾಕು

ಕಡಲೆಬೀಜದ ಚಿಕ್ಕಿಗೆ ಬೆಲ್ಲದ ಪಾಕ ಹಿಡಿದು ಗೊತ್ತಿರುವವರಿಗೆ ಇದು ಹೊಸದಲ್ಲ. ಬಟ್ಟಲಿನ ತಣ್ಣೀರಿಗೆ ಒಂದು ಹನಿ ಪಾಕ ಬಿಡಿ. ಉಂಡೆ ಕಟ್ಟಲು ಬಂದರೆ ಇನ್ನೂ ದೂರವಿದೆ. ಎಳೆದಾಗ ಬಾಗಿದರೆ ಹತ್ತಿರ ಬಂದಿದೆ. ಹೊರತೆಗೆದು ಮುರಿದಾಗ ಟಕ್ಕೆಂದು ತುಂಡಾಗಬೇಕು, ತಟ್ಟೆಗೆ ಹಾಕಿದರೆ ಟಣ್ಣೆನ್ನಬೇಕು. ಅಷ್ಟು ಹೊತ್ತಿಗೆ ಪಾಕದಲ್ಲಿ ನೀರು ಶೇ 1ರ ಆಸುಪಾಸಿಗೆ ಇಳಿದಿರುತ್ತದೆ, ಬಣ್ಣ ಬಾದಾಮಿ ಸಿಪ್ಪೆಯಷ್ಟಾಗಿರುತ್ತದೆ. ಪರೀಕ್ಷೆ ಮಾಡುವಾಗಲೆಲ್ಲ ಒಲೆ ಸಣ್ಣದು ಮಾಡಿ. ನೀವು ಹನಿ ಮುರಿಯುವಷ್ಟರಲ್ಲಿ ಪಾಕ ಮುಂದೆ ಹೋಗಿರುತ್ತದೆ.

ಅಗಿಯುವ ಟಾಫಿ ಬೇರೆ ಜಾತಿ. ಇಂಗ್ಲೆಂಡಿನ ಹ್ಯಾಲಿಫ್ಯಾಕ್ಸ್‌ನಲ್ಲಿ 1890ರಲ್ಲಿ ಅಂಗಡಿ ತೆರೆದ ಜಾನ್ ಮ್ಯಾಕಿಂತೋಷ್ ಹೆಸರು ಮಾಡಿದ್ದು ಅಲ್ಲಿನ ಗಟ್ಟಿ ಬಟರ್‌ಸ್ಕಾಚನ್ನೂ ಅಮೆರಿಕದ ಮೆತ್ತನೆ ಕ್ಯಾರಮೆಲ್ಲನ್ನೂ ಕೂಡಿಸಿದ ಟಾಫಿಯಿಂದ. ಮೆತ್ತಗೆ ಬರಲೆಂದು ಈ ಅಳತೆಯ ಪಾಕವನ್ನು ಅರ್ಧಕ್ಕೆ ಇಳಿಸಿದರೆ ಬರುವುದು ಅಂಟು ಮಾತ್ರ.

6. ಬೆಣ್ಣೆ ಬಿಟ್ಟುಕೊಂಡರೆ ಚೆಲ್ಲಬೇಡಿ

ಚೆನ್ನಾಗಿ ಕುದಿಯುತ್ತಿದ್ದ ಪಾಕದ ಮೇಲೆ ಇದ್ದಕ್ಕಿದ್ದಂತೆ ಎಣ್ಣೆ ತೇಲುತ್ತದೆ. ಉರಿ ಹೆಚ್ಚುಕಡಿಮೆ ಮಾಡಿದಾಗ, ಕೈಯಾಡಿಸುವುದು ನಿಲ್ಲಿಸಿದಾಗ ಹೀಗಾಗುತ್ತದೆ. ಉರಿ ಇಳಿಸಿ, ಒಂದೇ ಕಡೆಗೆ ನಿಧಾನ ತಿರುವುತ್ತಾ ಬನ್ನಿ. ಕೂಡದಿದ್ದರೆ ಒಂದು ದೊಡ್ಡ ಚಮಚ ಕುದಿಯುವ ನೀರು ಹಾಕಿ ತಿರುವಿ. ಹಾಕುವಾಗ ಮುಖ ದೂರವಿರಲಿ, ಬುಸ್ಸೆಂದು ಆವಿ ಏಳುತ್ತದೆ. ಸಾಮಾನ್ಯವಾಗಿ ಒಂದೆರಡು ಚಮಚಕ್ಕೆ ಕೂಡಿಕೊಳ್ಳುತ್ತದೆ. ಆ ನೀರು ಮತ್ತೆ ಹೋಗುವ ತನಕ ಕಾಯಿಸಬೇಕು, ಅಷ್ಟೆ.

7. ಮಕ್ಕಳಿಗೆ ಡಬ್ಬ ತುಂಬುವ ಕೆಲಸ ಕೊಡಿ, ಪಾಕದ ಕೆಲಸ ಬೇಡ

ಕುದಿಯುವ ನೀರು ಮೈಮೇಲೆ ಬಿದ್ದರೆ ಹರಿದುಹೋಗುತ್ತದೆ. 150 ಡಿಗ್ರಿಯ ಪಾಕ ಅಂಟಿಕೊಂಡು ಸುಡುತ್ತಲೇ ಇರುತ್ತದೆ. ಉದ್ದ ಹಿಡಿಯ ಸೌಟು, ಉದ್ದ ತೋಳಿನ ಬಟ್ಟೆ ಇರಲಿ. ರುಚಿ ನೋಡಲು ಬೆರಳು ಹಾಕಬೇಡಿ. ಸುಟ್ಟರೆ ಹರಿಯುವ ತಣ್ಣೀರಿನ ಕೆಳಗೆ ಇಪ್ಪತ್ತು ನಿಮಿಷ ಹಿಡಿಯಿರಿ. ಬೆಣ್ಣೆ, ಟೂತ್‌ಪೇಸ್ಟ್ ಹಚ್ಚಬೇಡಿ. ಪಾತ್ರೆಗೆ ಅಂಟಿದ ಪಾಕವನ್ನು ಕೆರೆಯುವ ಶ್ರಮ ಬೇಡ. ನೀರು ತುಂಬಿ ಕುದಿಸಿದರೆ ತಾನಾಗಿ ಕರಗುತ್ತದೆ.

8. ಚಾಕೊಲೇಟ್ ಹಚ್ಚುವ ಮುಂಚೆ ಜಿಡ್ಡು ಒರೆಸಿ

ಬೆಣ್ಣೆ ಕಾಗದ ಹಾಸಿದ ತಟ್ಟೆಯನ್ನೂ ಬಾದಾಮಿಯನ್ನೂ ಮೊದಲೇ ಸಿದ್ಧವಾಗಿಟ್ಟಿರಬೇಕು. ಒಲೆ ಆರಿಸಿದ ಕೂಡಲೇ ಅರ್ಧ ಬಾದಾಮಿ ಬೆರೆಸಿ ಸುರಿಯಿರಿ. ಎರಡು ಮೂರು ನಿಮಿಷ ಬಿಟ್ಟು, ಮೇಲೆ ಒಸರಿದ ಜಿಡ್ಡನ್ನು ಟಿಶ್ಯೂ ಕಾಗದದಿಂದ ಮೆಲ್ಲಗೆ ಒತ್ತಿ ತೆಗೆಯಿರಿ. ಜಿಡ್ಡು ಉಳಿದರೆ ಆರಿದ ಮೇಲೆ ಚಾಕೊಲೇಟ್ ಪದರ ಸಿಪ್ಪೆಯಾಗಿ ಕಳಚುತ್ತದೆ. ಆಮೇಲೆ ಚೂರು ಮಾಡಿದ ಚಾಕೊಲೇಟ್ ಉದುರಿಸಿ, ಅದು ಕರಗಿದಾಗ ಸವರಿ, ಉಳಿದ ಬಾದಾಮಿ ಒತ್ತಿ.

ಕೋಕೋ ಬೆಣ್ಣೆಯ ಚಾಕೊಲೇಟ್ ಹೀಗೆ ಕರಗಿ ಗಟ್ಟಿಯಾದಾಗ ಬಿಳಿ ಮಚ್ಚೆ ಏಳಬಹುದು, ಕೆಟ್ಟಿದೆಯೆಂದಲ್ಲ. ನೋಟ ಮುಖ್ಯವೆನ್ನುವವರು ಕಾಂಪೌಂಡ್ ಚಾಕೊಲೇಟ್ ಬಳಸಬಹುದು. ರುಚಿ ಮುಖ್ಯವೆನ್ನುವ ನಾನು ಮಚ್ಚೆಯ ಮೇಲೆ ಬಾದಾಮಿ ಉದುರಿಸುತ್ತೇನೆ.

9. ಫ್ರಿಜ್ ಬೇಡ, ಮಳೆಗಾಲವಂತೂ ಬೇಡವೇ ಬೇಡ

ನೀರು ಕಳೆದುಕೊಂಡ ಸಕ್ಕರೆ ಗಾಳಿಯಲ್ಲಿನ ತೇವವನ್ನು ಎಳೆದುಕೊಳ್ಳುತ್ತದೆ. ಬೇಗ ಆರಲೆಂದು ಫ್ರಿಜ್‌ನಲ್ಲಿಟ್ಟು ತೆಗೆದರೆ ಮೈತುಂಬ ಬೆವರು, ಸಂಜೆಗೆ ಅಂಟು. ಬೆಂಗಳೂರು, ಧಾರವಾಡದ ಡಿಸೆಂಬರ್ ಒಣಗಾಳಿ ಟಾಫಿಗೆ ಹೇಳಿ ಮಾಡಿಸಿದ್ದು. ಕರಾವಳಿಯವರು ಪೂರ್ತಿ ಆರಿದ ಕೂಡಲೇ ಮುರಿದು ಡಬ್ಬಕ್ಕೆ ಹಾಕಿಬಿಡಬೇಕು. ದೀಪಾವಳಿಗೆ ಮಾಡುವವರು ಮಳೆ ಹಿಡಿದ ದಿನ ಬಿಟ್ಟು ಮಾಡಲಿ.

10. ಕೊಡುವ ಡಬ್ಬದ ಮುಚ್ಚಳ ಬಿಗಿಯಾಗಿರಲಿ, ಚೀಟಿ ಇರಲಿ

ಅಂದದ ಬಿದಿರು ಬುಟ್ಟಿ, ಕಾಗದದ ಪೊಟ್ಟಣ ಎಲ್ಲ ಫೋಟೊಗೆ ಸರಿ. ಟಾಫಿಗೆ ಬೇಕಾದದ್ದು ಗಾಳಿಯಾಡದ ತಗಡಿನ ಅಥವಾ ಗಾಜಿನ ಡಬ್ಬ. ಪದರ ಪದರದ ನಡುವೆ ಬೆಣ್ಣೆ ಕಾಗದ ಇಡಿ. ಮೆತ್ತನೆಯ ಕೇಕಿನ ಜೊತೆ ಒಂದೇ ಡಬ್ಬದಲ್ಲಿ ತುಂಬಬೇಡಿ, ಕೇಕಿನ ತೇವ ಟಾಫಿಗೆ ಹತ್ತುತ್ತದೆ. ಹೀಗೆ ಇಟ್ಟರೆ ಎರಡು ವಾರ ಗರಿಗರಿ ಇರುತ್ತದೆ. ಮಾಡಿದ ದಿನಾಂಕ, ಬಾದಾಮಿ, ಹಾಲಿನ ಅಂಶ ಇದೆಯೆಂದು ಚೀಟಿ ಅಂಟಿಸಿ. ಯಾರ ಮನೆಯ ಮಗುವಿಗೆ ಏನು ಒಗ್ಗದೋ ನಮಗೆ ಗೊತ್ತಿರುವುದಿಲ್ಲ. ಕೊಡುವುದನ್ನು ಬಿಟ್ಟು ಮಾರಲು ಹೊರಟರೆ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಲೇಬೇಕು.

ಮೊದಲ ಸಲ ಮಾಡುವವರು ಕ್ರಿಸ್‌ಮಸ್ ಹಿಂದಿನ ರಾತ್ರಿಗೆ ಇಟ್ಟುಕೊಳ್ಳಬೇಡಿ. ಒಂದು ವಾರ ಮುಂಚೆ, ಬಿಸಿಲಿರುವ ದಿನ ನೋಡಿ, ಒಂದೇ ಅಳತೆ ಮಾಡಿ. ಅದನ್ನು ಮನೆಯವರು ತಿನ್ನಲಿ, ಎರಡನೆಯದನ್ನು ಡಬ್ಬಕ್ಕೆ ತುಂಬಿ.