ಮೊಣಕಾಲಿನ ಹಿಂದಿನ ಲಿಗಮೆಂಟ್: ಉಳಿಸುವುದೋ, ತೆಗೆಯುವುದೋ

ಮೊಣಕಾಲು ಕೀಲಿನ ನಡುವೆ ಒಂದನ್ನೊಂದು ಅಡ್ಡಹಾಯುವ ಎರಡು ಲಿಗಮೆಂಟ್‌ಗಳಿವೆ. ಸವೆದ ಕೀಲನ್ನು ಬದಲಿಸುವಾಗ ಮುಂದಿನದನ್ನು ಸಾಮಾನ್ಯವಾಗಿ ತೆಗೆದೇಬಿಡುತ್ತಾರೆ. ಹಿಂದಿನದು ಪಿ.ಸಿ.ಎಲ್.; ಕಾಲು ಮಡಚಿದಾಗ ಕೆಳಗಿನ ಎಲುಬು ಹಿಂದಕ್ಕೆ ಜಾರದಂತೆ ಹಿಡಿಯುವುದು ಅದರ ಕೆಲಸ. ಅದನ್ನು ಉಳಿಸಿಕೊಳ್ಳುವ ಕೃತಕ ಕೀಲು ಸಿ.ಆರ್.; ತೆಗೆದು ಅದರ ಕೆಲಸವನ್ನು ತಾನೇ ವಹಿಸಿಕೊಳ್ಳುವುದು ಪಿ.ಎಸ್. ಪಿ.ಎಸ್.ನ ಪ್ಲಾಸ್ಟಿಕ್ ಭಾಗದ ನಡುವೆ ಒಂದು ಗೂಟವಿರುತ್ತದೆ. ಕಾಲು ಮಡಚುತ್ತ ಹೋದಂತೆ ಮೇಲಿನ ಲೋಹದ ಭಾಗದ ಅಡ್ಡಪಟ್ಟಿ ಆ ಗೂಟಕ್ಕೆ ತಾಗಿ, ತೊಡೆಯೆಲುಬು ಹಿಂದಕ್ಕೆ ಉರುಳುವಂತೆ ಮಾಡುತ್ತದೆ. ಇದಕ್ಕೆ ಜಾಗ ಮಾಡಲು ತೊಡೆಯೆಲುಬಿನ ತುದಿಯ ನಡುವಿನಿಂದ ಒಂದು ತುಂಡನ್ನು ಕತ್ತರಿಸಬೇಕು, ಸಿ.ಆರ್.ನಲ್ಲಿ ಆ ಎಲುಬು ಉಳಿಯುತ್ತದೆ.

ನ್ಯೂಯಾರ್ಕಿನಲ್ಲಿ ಜಾನ್ ಇನ್ಸಾಲ್, ಭಾರತ ಮೂಲದ ಚಿತ್ತರಂಜನ್ ರಾಣಾವತ್ ಮತ್ತು ಪೀಟರ್ ವಾಕರ್ ರೂಪಿಸಿದ ಕೀಲು 1974ರಲ್ಲಿ ಬಳಕೆಗೆ ಬಂತು. ಅದರಲ್ಲಿ ಎರಡೂ ಲಿಗಮೆಂಟ್‌ಗಳನ್ನು ತೆಗೆಯುತ್ತಿದ್ದರು, ಕಾಲು ಸುಮಾರು 90 ಡಿಗ್ರಿಯಷ್ಟೇ ಮಡಚುತ್ತಿತ್ತು. ಈ ಕೊರತೆ ನೀಗಿಸಲು 1978ರಲ್ಲಿ ಗೂಟವಿರುವ ವಿನ್ಯಾಸ ಬಂತು.

ಗೇರುಸೊಪ್ಪದ ಸುತ್ತಿನ ಶರಾವತಿ ಕಣಿವೆಯಲ್ಲಿ ಬದುಕು ಮೊಣಕಾಲಿನ ಮೇಲೆಯೇ ನಿಂತಿದೆ. ಇಳಿಜಾರಿನ ತೋಟ, ಏರಿಳಿಯುವ ದಾರಿ, ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವ ರಾತ್ರಿಗಳು, ನೆಲದ ಮೇಲಿನ ಊಟ, ಪೂಜೆ, ನಮಾಜು. ಹಾಗಾಗಿ ಇಲ್ಲಿಯವರು ವೈದ್ಯರಲ್ಲಿ ಮೊದಲು ಕೇಳುವುದು, ಯಾವ ಕೀಲು ಹಾಕಿಸಿದರೆ ನೆಲದ ಮೇಲೆ ಕೂರಬಹುದು ಎಂದು. ಇದಕ್ಕೆ ಸಿಗುವ ಉತ್ತರ ಅನೇಕರಿಗೆ ನಿರಾಸೆ ತರುತ್ತದೆ. ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿದ 2013ರ ಕಾಕ್ರೇನ್ ವಿಮರ್ಶೆಯಲ್ಲಿ ಲಿಗಮೆಂಟ್ ತೆಗೆದವರ ಕಾಲು ಸರಾಸರಿ 2.4 ಡಿಗ್ರಿ ಮಾತ್ರ ಹೆಚ್ಚು ಆಡುತ್ತಿತ್ತು. ನೋವು, ನಡಿಗೆಗಳಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಕುಕ್ಕರುಗಾಲಿನಲ್ಲಿ ಕೂರುವುದು ಎರಡಕ್ಕೂ ಹಿತವಲ್ಲ. ಶಸ್ತ್ರಚಿಕಿತ್ಸೆಯ ನಂತರ ಕಾಲು ಎಷ್ಟು ಮಡಚೀತು ಎಂಬುದು ಮೊದಲು ಎಷ್ಟು ಮಡಚುತ್ತಿತ್ತು ಎಂಬುದನ್ನೇ ಬಹುಮಟ್ಟಿಗೆ ಅವಲಂಬಿಸಿದೆ.

ಆಯ್ಕೆಯನ್ನು ನಿಜವಾಗಿ ತೀರ್ಮಾನಿಸುವುದು ಆ ಲಿಗಮೆಂಟಿನ ಸ್ಥಿತಿ. ಅದು ಗಟ್ಟಿಯಾಗಿದ್ದು ಕಾಲು ಹೆಚ್ಚು ಸೊಟ್ಟಗಾಗಿರದಿದ್ದರೆ ಸಿ.ಆರ್. ಸಾಧ್ಯ. ರುಮಟಾಯ್ಡ್ ಸಂಧಿವಾತವಿದ್ದರೆ, ಮಂಡಿಚಿಪ್ಪು ತೆಗೆದಿದ್ದರೆ, ಪಿ.ಸಿ.ಎಲ್. ಹಿಂದೆಯೇ ಹರಿದಿದ್ದರೆ ಅಥವಾ ಕಾಲು ಬಹಳ ಬಾಗಿದ್ದರೆ ಪಿ.ಎಸ್. ಕಡೆಗೆ ಒಲವು ಹೆಚ್ಚು. ಉಳಿಸಿದ ಲಿಗಮೆಂಟ್ ಬಿಗಿಯಾದರೆ ಕಾಲು ಮಡಚುವುದಿಲ್ಲ, ಸಡಿಲವಾದರೆ ಕೀಲು ಅಲುಗುತ್ತದೆ. ಪಿ.ಎಸ್.ನಲ್ಲಿ ಗೂಟ ಸವೆಯಬಹುದು. ಹಳೆಯ ವಿನ್ಯಾಸಗಳಲ್ಲಿ ಮಂಡಿಚಿಪ್ಪಿನ ಬಳಿ ಗಂಟು ಬೆಳೆದು, ಕಾಲು ಚಾಚುವಾಗ ಟಕ್ಕೆನ್ನುವುದೂ ಇತ್ತು.

ಹೊನ್ನಾವರ, ಭಟ್ಕಳ, ಕುಮಟಾ ಕಡೆಯಿಂದ ಮಣಿಪಾಲ, ಮಂಗಳೂರು, ಹುಬ್ಬಳ್ಳಿಗೆ ಹೋಗಬೇಕಾದವರು ಕೊಯ್ಲು ಮುಗಿಯಲಿ, ಮಳೆಗಾಲ ಕಳೆಯಲಿ ಎಂದು ಮುಂದೂಡುತ್ತಾರೆ. ಅಷ್ಟರಲ್ಲಿ ಕಾಲು ಬಾಗಿ, ಆಯ್ಕೆ ತಾನಾಗಿಯೇ ಕಿರಿದಾಗುತ್ತದೆ. ಈ ಲೇಖಕಿಯ ತಾಯಿಯ ವಿಷಯದಲ್ಲಿ ವೈದ್ಯರು ಕೊನೆಯ ತೀರ್ಮಾನವನ್ನು ಕೀಲು ತೆರೆದು ಲಿಗಮೆಂಟ್ ನೋಡಿದ ಮೇಲೆಯೇ ಮಾಡುವುದಾಗಿ ಹೇಳಿದರು. ಹಾಗೆ ಹೇಳುವ ವೈದ್ಯರನ್ನು ನಂಬಬಹುದು. ಎರಡೂ ಬಗೆಯ ಕೀಲು ಆ ದಿನ ಸಿದ್ಧವಿರುತ್ತದೆಯೇ, ಯಾವುದರಲ್ಲಿ ಅವರ ಕೈ ಹೆಚ್ಚು ಪಳಗಿದೆ ಎಂದು ಮಾತ್ರ ಕೇಳಲೇಬೇಕು.

ಬೆಲೆಯ ಚಿಂತೆ ಇಲ್ಲಿ ಅಡ್ಡಬರಬಾರದು. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಕೋಬಾಲ್ಟ್-ಕ್ರೋಮಿಯಂ ಕೀಲಿಗೆ ಜಿ.ಎಸ್.ಟಿ. ಬಿಟ್ಟು 54,720 ರೂಪಾಯಿಯ ಮಿತಿ ಹಾಕಿದಾಗ ಮುಖ್ಯವಾಗಿ ನೋಡಿದ್ದು ಲೋಹವನ್ನು, ಲಿಗಮೆಂಟನ್ನಲ್ಲ. ಬಳಸಿದ ಕೀಲಿನ ಬಗೆ, ಅಳತೆ, ಬ್ಯಾಚ್ ಸಂಖ್ಯೆಯಿರುವ ಸ್ಟಿಕ್ಕರ್‌ನ ಪ್ರತಿಯನ್ನು ಡಿಸ್ಚಾರ್ಜ್ ಕಾಗದದೊಂದಿಗೆ ಪಡೆದು ಮನೆಯಲ್ಲಿಟ್ಟುಕೊಳ್ಳಬೇಕು. ವರ್ಷಗಳ ನಂತರ ಬೇರೆ ಊರಿನಲ್ಲಿ ಮರುಶಸ್ತ್ರಚಿಕಿತ್ಸೆ ಬೇಕಾದರೆ ಅಲ್ಲಿನ ವೈದ್ಯರು ಮೊದಲು ಕೇಳುವುದು ಅದನ್ನೇ.